ಅಪ್ಪನ ಎಂಬತ್ತಕ್ಕೆ ಹತ್ತು ನಿಮಿಷದ ವಿಡಿಯೋ: ಆರು ವಾರದ ಅನುಭವ

ಕಳೆದ ಆದಿತ್ಯವಾರ ನೀರ್ಚಾಲಿನ ನಮ್ಮ ಹಳೇ ಮನೆಯಲ್ಲಿ ಅಪ್ಪನ ಎಂಬತ್ತರ ಕಾರ್ಯಕ್ರಮ ಆಯಿತು. ಮಧ್ಯಾಹ್ನದ ಊಟಕ್ಕೆ ಮೊದಲು ಚಾವಡಿಯ ಟಿವಿಯಲ್ಲಿ ಹತ್ತು ನಿಮಿಷದ ಒಂದು ವಿಡಿಯೋ ಹಾಕಿದೆವು. ಹಳೆಯ ಫೋಟೋಗಳು, ಹಿಂದೆ ಹಾಡು, ಅಷ್ಟೇ. ಅಷ್ಟು ಮಾಡಲು ನನಗೆ ಆರು ವಾರ ಹಿಡಿಯಿತು. ಅದರಲ್ಲಿ ಎರಡು ವಾರ ತಪ್ಪು ಸಾಫ್ಟ್‌ವೇರಿನ ಹಿಂದೆ ಹೋಯಿತು. ಮದುವೆ, ಷಷ್ಟಿಪೂರ್ತಿ, ಶಾಲೆಯ ಬೀಳ್ಕೊಡುಗೆ ಅಂತ ಇಂಥದ್ದೇ ಮಾಡಲು ಹೊರಟವರು ತುಂಬ ಜನ ಇರುತ್ತೀರಿ. ನಿಮ್ಮ ಎರಡು ವಾರ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕಾಸರಗೋಡು ಪೇಟೆಯಲ್ಲಿ ನನ್ನದು ಲೆಕ್ಕ ಬರೆಯುವ ಕೆಲಸ. ಕಂಪ್ಯೂಟರ್ ಹೊಸದಲ್ಲ. 2010ರ ಸುಮಾರಿಗೆ ಅಕ್ಕನ ಮನೆ ಒಕ್ಕಲಿಗೆ ವಿಂಡೋಸ್ ಮೂವಿ ಮೇಕರ್‌ನಲ್ಲಿ ಒಂದು ವಿಡಿಯೋ ಮಾಡಿದ್ದೆ. ಫೋಟೋ ಎಳೆದು ಹಾಕಿ, ಕೆಳಗೆ ಹಾಡು ಇಟ್ಟು, ಸೇವ್ ಮಾಡಿದರೆ ಮುಗಿಯಿತು. ಈಗಲೂ ಅದೇ ಸಾಕು ಅಂದುಕೊಂಡು ಹುಡುಕಿದೆ. ಮೈಕ್ರೋಸಾಫ್ಟ್ ಅದನ್ನು 2017ರ ಜನವರಿ 10ಕ್ಕೇ ನಿಲ್ಲಿಸಿದೆ. ಫೋಟೋ ಜೋಡಿಸಲು ನಾವೆಲ್ಲ ಬಳಸುತ್ತಿದ್ದ ಪಿಕಾಸಾವನ್ನೂ ಗೂಗಲ್ 2016ರಲ್ಲಿ ನಿಲ್ಲಿಸಿತು. ಮೂವಿ ಮೇಕರ್ ಹೆಸರಿನಲ್ಲಿ ಈಗ ಅಲ್ಲಿ ಇಲ್ಲಿ ಸಿಗುವುದನ್ನು ದಯವಿಟ್ಟು ಇಳಿಸಿಕೊಳ್ಳಬೇಡಿ. ಹೆಸರು ಮಾತ್ರ ಹಳೆಯದು, ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಆಮೇಲೆ ಸಿಕ್ಕಿದ್ದು ‘ಉಚಿತ’ ಅಂತ ಬರೆದಿದ್ದ ಒಂದು ಸಾಫ್ಟ್‌ವೇರ್. ನೋಡಲು ಚಂದ. ಫೋಟೋ ಹಾಕಿದ ಕೂಡಲೇ ಹೂವು, ಚೌಕಟ್ಟು, ತಿರುಗುವುದು, ಹಾರುವುದು ಎಲ್ಲ ತಾನಾಗಿ ಬರುತ್ತಿತ್ತು. ರಾತ್ರಿ ಊಟ ಆದ ಮೇಲೆ ಒಂದೊಂದು ಗಂಟೆ ಕೂತು ತೊಂಬತ್ತು ಫೋಟೋ ಜೋಡಿಸಿದೆ. ಎರಡನೇ ವಾರದ ಕೊನೆಗೆ ವಿಡಿಯೋ ಮಾಡಿಸಲು ಗುಂಡಿ ಒತ್ತಿದೆ. ಹೊರಗೆ ಬಂದ ವಿಡಿಯೋದ ನಡುಮಧ್ಯೆ, ಅಪ್ಪನ ಮುಖದ ಮೇಲೇ, ಆ ಕಂಪನಿಯ ಹೆಸರು ಅಡ್ಡಕ್ಕೆ ಬರೆದಿತ್ತು. ಅದನ್ನು ತೆಗೆಯಬೇಕಾದರೆ ಡಾಲರಿನಲ್ಲಿ ದುಡ್ಡು ಕಟ್ಟಬೇಕು, ಅದೂ ವರ್ಷಕ್ಕೆ ಇಷ್ಟು ಅಂತ. ಜೋಡಿಸಿದ್ದನ್ನು ಬೇರೆ ಸಾಫ್ಟ್‌ವೇರಿಗೆ ಒಯ್ಯಲೂ ಆಗುವುದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದುಡ್ಡಿನ ಬೇಸರಕ್ಕಿಂತ, ಮೊದಲೇ ಹೇಳಬಹುದಿತ್ತಲ್ಲ ಅನ್ನುವ ಸಂಕಟ ಜಾಸ್ತಿ.

ದಾರಿ ತೋರಿಸಿದ್ದು ಅಣ್ಣನ ಮಗ. ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಶಾಲೆಯ ಲಿಟಲ್ ಕೈಟ್ಸ್ ಅನ್ನುವ ಐಟಿ ಕ್ಲಬ್ಬಿನಲ್ಲಿದ್ದಾನೆ. ಗಡಿಯಾಚೆ ಇರುವವರಿಗೆ ಇದು ಗೊತ್ತಿರಲಿಕ್ಕಿಲ್ಲ: ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಉಚಿತವಾಗಿ ಹಂಚಬಹುದಾದ ಸ್ವತಂತ್ರ ತಂತ್ರಾಂಶದಲ್ಲೇ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇರುತ್ತದೆ. ಐಟಿ ಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ನಾನು ನಡೆದದ್ದನ್ನು ಹೇಳಿದೆ. ಅವನು ಕೇಳಿದ, "ಅತ್ತೆ, ಇದಕ್ಕೆ ದುಡ್ಡು ಎಂತಕ್ಕೆ? ಮೊದಲು ಮೂರೇ ಮೂರು ಫೋಟೋ ಹಾಕಿ, ಒಂದು ಹಾಡು ಇಟ್ಟು, ವಿಡಿಯೋ ಮಾಡಿ ಟಿವಿಯಲ್ಲಿ ನೋಡುವ. ಸರಿಯಾದರೆ ಮುಂದೆ."

ಆ ಮಾತನ್ನು ನೀವೂ ಹಿಡಿದುಕೊಳ್ಳಿ. ಯಾವ ಸಾಫ್ಟ್‌ವೇರ್ ಆದರೂ ಮೂರು ಫೋಟೋದ ವಿಡಿಯೋವನ್ನು ಪೂರ್ತಿ ಹೊರಗೆ ತೆಗೆದು, ಕೊನೆಗೆ ತೋರಿಸುವ ಟಿವಿಯಲ್ಲೇ ನೋಡಿ. ಹೆಸರಿನ ಮುದ್ರೆ ಬರುತ್ತದೆಯೇ, ಕನ್ನಡ ಅಕ್ಷರ ಒಡೆಯುತ್ತದೆಯೇ, ಹಾಡು ಕೇಳಿಸುತ್ತದೆಯೇ, ನಿಮ್ಮ ಕಂಪ್ಯೂಟರ್ ತಡೆಯುತ್ತದೆಯೇ ಅನ್ನುವುದೆಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಫೋಟೋ ಜೋಡಿಸುವುದು ಆಮೇಲೆ.

ಒಂದು ಶನಿವಾರ ಇಬ್ಬರೂ ಕೂತು ಐದನ್ನು ಹಾಗೆ ನೋಡಿದೆವು. ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದೆ, ವಿಂಡೋಸ್ 10.

ಪವರ್‌ಪಾಯಿಂಟ್ ಮೊದಲೇ ಇತ್ತು. ಅದರಲ್ಲಿ ಫೋಟೋ ಆಲ್ಬಮ್ ಅಂತ ಒಂದು ಸೌಲಭ್ಯ ಇದೆ, ಎಲ್ಲ ಫೋಟೋ ಒಟ್ಟಿಗೆ ಒಂದೊಂದು ಸ್ಲೈಡಾಗಿ ಬರುತ್ತವೆ. ಹಾಡು ಸೇರಿಸಿ, ಎಲ್ಲ ಸ್ಲೈಡಿಗೂ ಹರಡುವಂತೆ ಇಟ್ಟು, ಎಂಪಿ4 ವಿಡಿಯೋ ಮಾಡಬಹುದು. ಇಪ್ಪತ್ತು, ಮೂವತ್ತು ಫೋಟೋ ಮಾತ್ರ ಇದ್ದು, ಒಂದೇ ಹಾಡು ಸಾಕು ಅನ್ನುವವರು ಬೇರೆ ಏನನ್ನೂ ಹುಡುಕಬೇಡಿ. ನನಗೆ ಹಾಡನ್ನು ಬೇಕಾದ ಜಾಗದಲ್ಲಿ ಕತ್ತರಿಸಿ, ಒಂದು ಕಡೆ ಸಣ್ಣ ಮಾಡಿ, ಇನ್ನೊಂದು ಕಡೆ ಏರಿಸಬೇಕಿತ್ತು. ಅದು ಇಲ್ಲಿ ಕಷ್ಟ.

ಕ್ಲಿಪ್‌ಚಾಂಪನ್ನು ಮೈಕ್ರೋಸಾಫ್ಟ್ 2021ರಲ್ಲಿ ಕೊಂಡುಕೊಂಡಿತು. ವಿಂಡೋಸ್ 11ರಲ್ಲಿ ಅದು ಜೊತೆಗೇ ಬರುತ್ತದೆ. ದುಡ್ಡಿಲ್ಲದೆ 1080 ಗಾತ್ರದ, ಅಂದರೆ ಫುಲ್ ಎಚ್‌ಡಿ ವಿಡಿಯೋ ಕೊಡುತ್ತದೆ, ಮುದ್ರೆ ಹಾಕುವುದಿಲ್ಲ. ಕಲಿಯಲು ಇದರಷ್ಟು ಸುಲಭದ್ದು ಬೇರೆ ಸಿಗಲಿಲ್ಲ. ಆದರೆ ಅದಕ್ಕೆ ಖಾತೆ ಬೇಕು, ಇಂಟರ್ನೆಟ್ ಬೇಕು. ನಮ್ಮ ಮನೆ ಅಡಿಕೆ ತೋಟದ ತಗ್ಗಿನಲ್ಲಿದೆ. ಅಂಗಳದ ಮೂಲೆಗೆ ಹೋದರೆ ಮಾತ್ರ ರೇಂಜು. ನಿಮ್ಮಲ್ಲಿ ನೆಟ್ ಚೆನ್ನಾಗಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ.

ಡಾವಿಂಚಿ ರಿಸಾಲ್ವ್ ಸಿನಿಮಾದವರೂ ಬಳಸುವ ದೊಡ್ಡ ಸಾಫ್ಟ್‌ವೇರ್, ಉಚಿತ ಆವೃತ್ತಿಯೂ ಇದೆ. ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು, 16 ಜಿಬಿ ರ‍್ಯಾಮ್ ಬೇಕು. ಫೋಟೋ ಸಾಲಿಗೆ ಅಷ್ಟರ ಅಗತ್ಯ ಇಲ್ಲ.

ಉಳಿದದ್ದು ಕೆಡೆನ್‌ಲೈವ್ ಮತ್ತು ಶಾಟ್‌ಕಟ್. ಎರಡೂ ಪೂರ್ತಿ ಉಚಿತ. ಎರಡೂ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ನಡೆಯುತ್ತವೆ. ಅಳಿಯನಿಗೆ ಕೆಡೆನ್‌ಲೈವ್ ಕೈಯಲ್ಲಿ ಕೂತಿತ್ತು. ನನಗೆ ಶಾಟ್‌ಕಟ್ ಹಿಡಿಸಿತು, ಅದಕ್ಕೆ ಕಾರಣ ಒಂದೇ. ಅದರ ಪ್ಲೇಲಿಸ್ಟಿಗೆ ಫೋಟೋಗಳನ್ನು ಹಾಕಿ, ಎಲ್ಲವನ್ನೂ ಆರಿಸಿ, ಸ್ಲೈಡ್‌ಶೋಗೆ ಸೇರಿಸು ಅಂದರೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಒಂದೊಂದು ಫೋಟೋ ಎಷ್ಟು ಸೆಕೆಂಡ್, ನಿಧಾನ ಹತ್ತಿರ ಬರಬೇಕೇ, ಒಂದು ಕರಗಿ ಇನ್ನೊಂದು ಮೂಡಲು ಎಷ್ಟು ಹೊತ್ತು, ಎಲ್ಲ ಅಲ್ಲೇ ಹೇಳಬಹುದು. ಸರಿ ಅಂದರೆ ಪೂರ್ತಿ ಸಾಲು ಟೈಮ್‌ಲೈನಿನಲ್ಲಿ, ಅಂದರೆ ಫೋಟೋ, ಹಾಡು ಕ್ರಮವಾಗಿ ಕೂರುವ ಪಟ್ಟಿಯಲ್ಲಿ, ಬಂದು ಕೂತುಕೊಳ್ಳುತ್ತದೆ. 1080 ವಿಡಿಯೋಕ್ಕೆ 8 ಜಿಬಿ ರ‍್ಯಾಮ್ ಸಾಕು ಅಂತ ಅವರೇ ಹೇಳುತ್ತಾರೆ. ಮೂರು ಫೋಟೋದ ಪರೀಕ್ಷೆಯಲ್ಲಿ ಅದು ಗೆದ್ದಿತು.

ಸಾಫ್ಟ್‌ವೇರಿನ ಚಿಂತೆ ಅಲ್ಲಿಗೆ ಮುಗಿಯಿತು. ನಿಜವಾದ ಕೆಲಸ ಆಮೇಲೆ ಶುರು.

ಫೋಟೋಗಳು ಮೂರು ಕಡೆ ಇದ್ದವು: ಅತ್ತಿಗೆಯ ಕಪಾಟಿನ ಆಲ್ಬಮ್, ಚಾವಡಿಯ ಗೋಡೆ, ಮತ್ತೆ ಬೆಂಗಳೂರು, ಪುತ್ತೂರು, ಮುಂಬಯಿಯಲ್ಲಿರುವ ನೆಂಟರ ಫೋನು. ಫೋನಿನವು ಬೇಗ ಬಂದವು, ಆದರೆ ವಾಟ್ಸ್ಆ್ಯಪ್ ಅವನ್ನು ಕುಗ್ಗಿಸಿ ಕಳಿಸಿತ್ತು. ಟಿವಿಯಲ್ಲಿ ಮಸುಕು. ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಎಲ್ಲರಿಗೂ ಮತ್ತೆ ಫೋನು ಮಾಡಿದೆ. ಇದನ್ನು ಮೊದಲ ದಿನವೇ ಹೇಳಿಬಿಡಿ.

ಗೋಡೆಯ ಫೋಟೋಗಳ ಕಥೆ ಬೇರೆ. ನಮ್ಮ ಮಳೆಗಾಲದ ತೇವ ಗೊತ್ತಲ್ವಾ? ಅಪ್ಪ ಅಮ್ಮನ ಮದುವೆಯ ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಒಂದು ಮೂಲೆಯಲ್ಲಿ ಬಿಳಿ ಬೂಷ್ಟು, ಅಮ್ಮನ ಸೆರಗಿನ ಮೇಲೆ ನಾಣ್ಯದಷ್ಟು ದೊಡ್ಡ ಕಲೆ. ಚೌಕಟ್ಟು ಬಿಚ್ಚಿ ಉಗುರಲ್ಲಿ ಎಬ್ಬಿಸಲು ಹೊರಟಿದ್ದೆ. ಬದಿಯಡ್ಕದ ಸ್ಟುಡಿಯೋದವರು ತಡೆದರು. ಎಳೆದರೆ ಬಣ್ಣದ ಪದರವೇ ಗಾಜಿಗೆ ಹತ್ತಿಕೊಂಡು ಬರುತ್ತದೆ, ಗಾಜಿನ ಸಮೇತ ಸ್ಕ್ಯಾನ್ ಮಾಡುವ ಅಂದರು. ಹಾಗೇ ಮಾಡಿದರು. ಕಲೆ ಈಗಲೂ ಇದೆ. ಅದನ್ನು ಕಂಪ್ಯೂಟರಿನಲ್ಲಿ ಅಳಿಸಿ ಕೊಡಲೇ ಅಂತ ಕೇಳಿದರು, ನಾನು ಬೇಡ ಅಂದೆ.

ಸ್ಕ್ಯಾನ್ ಮಾಡಿಸುವಾಗ 4ಕ್ಕೆ 6 ಇಂಚಿನ ಫೋಟೋಕ್ಕೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಅಂದರೆ 1200ಕ್ಕೆ 1800 ಚುಕ್ಕಿ ಬರುತ್ತದೆ. ಟಿವಿಗೆ ಅಷ್ಟು ಸಾಕು. ಪಾಸ್‌ಪೋರ್ಟ್ ಗಾತ್ರದವು, ಗುಂಪಿನಲ್ಲಿ ಒಬ್ಬರ ಮುಖ ಮಾತ್ರ ದೊಡ್ಡದು ಮಾಡಬೇಕಾದವು ಇದ್ದರೆ 600 ಹೇಳಿ. ಶಾಲೆಯ ದೊಡ್ಡ ಗುಂಪು ಫೋಟೋ ಹದಿನೈದನ್ನು ಸ್ಟುಡಿಯೋದಲ್ಲಿ ಮಾಡಿಸಿದೆ. ಉಳಿದ ಸಣ್ಣವನ್ನು ಜಗಲಿಯಲ್ಲಿ, ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಕಡೆ ಇಟ್ಟು ಫೋನಿನ ಫೋಟೋಸ್ಕ್ಯಾನ್ ಆ್ಯಪಿನಲ್ಲಿ ತೆಗೆದೆ. ಹೊಳಪು ಬೀಳುವುದನ್ನು ಅದು ತಕ್ಕಮಟ್ಟಿಗೆ ತೆಗೆಯುತ್ತದೆ.

ಎಲ್ಲ ಸೇರಿ 412 ಆಯಿತು. ಒಂದಕ್ಕೆ 5 ಸೆಕೆಂಡ್, ಅದರಲ್ಲಿ 1 ಸೆಕೆಂಡ್ ಮುಂದಿನದರ ಜೊತೆ ಕರಗಲು. ಹಾಗಾದರೆ ಒಂದು ಫೋಟೋಕ್ಕೆ ಲೆಕ್ಕದಲ್ಲಿ 4 ಸೆಕೆಂಡ್. 412ಕ್ಕೆ ಇಪ್ಪತ್ತೇಳು ನಿಮಿಷ. ಹಸಿದು ಕೂತ ಜನ ಅಷ್ಟು ಹೊತ್ತು ನೋಡುವುದಿಲ್ಲ. 150 ಇಟ್ಟರೆ ಹತ್ತು ನಿಮಿಷ. ಬಿಡುವುದು ಸುಲಭ ಆಗಲಿಲ್ಲ. ಅಪ್ಪನ ಮುಂದೆ ಲ್ಯಾಪ್‌ಟಾಪ್ ಇಟ್ಟು ಎರಡು ಸಂಜೆ ಕೂತೆ. ಅವರು ಒಂದೊಂದನ್ನೂ ನೋಡಿ ಹೆಸರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. 1984ರ ಒಂದು ಶಾಲಾ ಫೋಟೋದಲ್ಲಿ ಮೂವತ್ತಾರು ಮಕ್ಕಳು. ಕಾಸರಗೋಡು ಬೇರೆ ಜಿಲ್ಲೆ ಆದ ವರ್ಷ ಅದು ಅಂತ ಅಪ್ಪ ಮೊದಲು ಹೇಳಿದರು. ಆಮೇಲೆ ಇಪ್ಪತ್ತೊಂಬತ್ತು ಮಕ್ಕಳ ಹೆಸರು ಹೇಳಿದರು. ನಿಮ್ಮ ಮನೆಯಲ್ಲಿ ಹೀಗೆ ಹೇಳುವವರು ಇದ್ದರೆ ವಿಡಿಯೋ ಇರಲಿ ಬಿಡಲಿ, ಈ ಪಟ್ಟಿಯನ್ನು ಈಗಲೇ ಬರೆದಿಡಿ.

ಆರಿಸಿದ ಮೇಲೆ ಫೈಲುಗಳಿಗೆ 001, 002 ಅಂತ ಹೆಸರು ಕೊಡಿ. ಸಾಫ್ಟ್‌ವೇರ್ ಆ ಕ್ರಮದಲ್ಲೇ ತೆಗೆದುಕೊಳ್ಳುತ್ತದೆ. ಶಾಟ್‌ಕಟ್‌ನಲ್ಲಿ ಸಾಲು ಒಮ್ಮೆ ಕರಗಿ ಸೇರಿದ ಮೇಲೆ ನಡುವಿನ ಒಂದನ್ನು ಕಿತ್ತು ಬೇರೆ ಕಡೆ ಇಡುವುದು ಕಿರಿಕಿರಿಯ ಕೆಲಸ.

ಹಾಡಿನ ವಿಷಯಕ್ಕೆ ಬರುತ್ತೇನೆ. ಸಿನಿಮಾ ಹಾಡು ಹಾಕೋಣ ಅಂತ ತಮ್ಮ ಹೇಳಿದ್ದ. ಮನೆಯೊಳಗೆ ನೋಡಿದರೆ ಯಾರೂ ಕೇಳುವುದಿಲ್ಲ. ಯೂಟ್ಯೂಬಿಗೆ ಹಾಕಿದರೆ ಹಾಡಿನ ಹಕ್ಕಿರುವವರ ಹೆಸರು ತಾನಾಗಿ ಪತ್ತೆಯಾಗುತ್ತದೆ. ಧ್ವನಿ ಹೋಗಬಹುದು, ಜಾಹೀರಾತು ಬರಬಹುದು. ದೂರದ ನೆಂಟರಿಗೆ ಯೂಟ್ಯೂಬಿನಲ್ಲೇ ತೋರಿಸಬೇಕು ಅಂತಿದ್ದರೆ ಅಲ್ಲೇ ಇರುವ ಆಡಿಯೋ ಲೈಬ್ರರಿಯಿಂದ ಸಂಗೀತ ತೆಗೆದುಕೊಳ್ಳಿ.

ನನ್ನ ಮನಸ್ಸಿನಲ್ಲಿ ಬೇರೆ ಇತ್ತು. ಅಮ್ಮ ತೀರಿಕೊಂಡು ಆರು ವರ್ಷ ಆಯಿತು. 1992ರಲ್ಲಿ ಅಕ್ಕನ ಮದುವೆಗೆ ಮೊದಲು ಅಮ್ಮ ಮತ್ತು ಚಿಕ್ಕಮ್ಮ ಶೋಭಾನೆ ಅಭ್ಯಾಸ ಮಾಡಿದ್ದನ್ನು ಅಣ್ಣ ಒಂದು ಕ್ಯಾಸೆಟಿನಲ್ಲಿ ತುಂಬಿಸಿದ್ದ. ಬಿಸ್ಕತ್ತಿನ ಡಬ್ಬಿಯಲ್ಲಿ ಅದು ಇತ್ತು. ಟೇಪ್‌ರೆಕಾರ್ಡರ್ ಅಟ್ಟದಲ್ಲಿ. ಬೆಲ್ಟು ಜಾರಿ, ಸ್ವರ ಎಳೆದು ಎಳೆದು ಬರುತ್ತಿತ್ತು. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವವರೊಬ್ಬರು ಹೊಸ ಬೆಲ್ಟು ಹಾಕಿಕೊಟ್ಟರು. ಅದಕ್ಕೆ ಒಂದು ವಾರ ಕಾದೆ. ಹಳೆಯ ಕ್ಯಾಸೆಟನ್ನು ನೇರ ಪ್ಲೇ ಮಾಡಬೇಡಿ ಅಂತಲೂ ಅವರೇ ಹೇಳಿದರು. ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿಸಬೇಕು. ಅಂಟಿದ ಸುರುಳಿ ಬಿಡುತ್ತದೆ.

ಟೇಪಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರ್ ಹಾಕಿದೆ. ಏನೂ ಕೇಳಲಿಲ್ಲ. ಈಗಿನ ಲ್ಯಾಪ್‌ಟಾಪಿನಲ್ಲಿ ಕೇಳಲಿಕ್ಕೂ ಮಾತಾಡಲಿಕ್ಕೂ ಸೇರಿ ಒಂದೇ ತೂತು. ಸಾದಾ ವೈರ್ ಹಾಕಿದರೆ ಅದು ಹೆಡ್‌ಫೋನ್ ಅಂದುಕೊಳ್ಳುತ್ತದೆ. ಯುಎಸ್‌ಬಿಗೆ ಚುಚ್ಚುವ ಸಣ್ಣ ಸೌಂಡ್ ಕಾರ್ಡು ಸಿಗುತ್ತದೆ, ಅದರಲ್ಲಿ ಮೈಕಿಗೆ ಬೇರೆ ತೂತು ಇದೆ. ಅದನ್ನು ತಂದ ಮೇಲೆ ಸರಿಯಾಯಿತು. ಟೇಪಿನ ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಇಡಬೇಡಿ, ಸ್ವರ ಒಡೆಯುತ್ತದೆ.

ತುಂಬಿಸಿಕೊಂಡದ್ದು ಅಡಾಸಿಟಿ ಅನ್ನುವ, ಧ್ವನಿ ತುಂಬಿಸಿ ತಿದ್ದುವ ಸಾಫ್ಟ್‌ವೇರಿನಲ್ಲಿ. ಅದೂ ಉಚಿತ. ಕ್ಯಾಸೆಟಿನ ಒಂದು ಬದಿ ಅರ್ಧ ಗಂಟೆ ಇದ್ದರೆ ಅರ್ಧ ಗಂಟೆ ಕೂತು ಕೇಳಲೇಬೇಕು. ನಾನೂ ಅತ್ತಿಗೆಯೂ ಅಡುಗೆಮನೆಯ ಬಾಗಿಲು ಹಾಕಿ ಕೂತೆವು. ಮೊದಲು ಬರೀ ಸರಸರ ಸದ್ದು. ಆಮೇಲೆ ಅಮ್ಮ ಗಂಟಲು ಸರಿ ಮಾಡಿಕೊಂಡರು. ಹಾಡು ಶುರುವಾಯಿತು. ಮೂರನೇ ಸಾಲಿನಲ್ಲಿ ನಿಂತರು. "ಅಯ್ಯೋ, ಮುಂದಿನದ್ದು ಮರೆತೇ ಹೋಯ್ತು" ಅಂತ ನಕ್ಕರು. ಹಿಂದೆ ಎಲ್ಲೋ ಒಂದು ಕೊಡಪಾನ ಇಟ್ಟ ಸದ್ದು. ಅತ್ತಿಗೆ ನನ್ನ ಕೈ ಹಿಡಿದುಕೊಂಡರು. ನಾವು ಪೂರ್ತಿ ಮುಗಿಯುವವರೆಗೆ ಮಾತಾಡಲಿಲ್ಲ.

ಸರಸರ ಸದ್ದು ತೆಗೆಯಲು ಅಡಾಸಿಟಿಯಲ್ಲಿ ದಾರಿ ಇದೆ. ಬರೀ ಸದ್ದು ಮಾತ್ರ ಇರುವ ಒಂದೆರಡು ಸೆಕೆಂಡ್ ಆರಿಸಿ, ಇದೇ ಸದ್ದು ಅಂತ ಅದಕ್ಕೆ ಗುರುತು ಕೊಟ್ಟು, ಆಮೇಲೆ ಪೂರ್ತಿ ಹಾಡಿಗೆ ಅನ್ವಯಿಸುವುದು. ಸದ್ದು ಎಷ್ಟು ಇಳಿಯಬೇಕು ಅನ್ನುವಲ್ಲಿ ಮೊದಲು 12 ಇಟ್ಟು ನೋಡಿದೆ. ನನಗೆ ಅಮ್ಮನ ಸ್ವರ ನೀರಿನೊಳಗಿಂದ ಬಂದ ಹಾಗೆ ಕೇಳಿಸಿತು. 6ಕ್ಕೆ ಇಳಿಸಿದೆ. ಸ್ವಲ್ಪ ಸದ್ದು ಉಳಿಯಿತು, ಸ್ವರ ಅಮ್ಮನದ್ದೇ ಆಯಿತು. ನಗುವನ್ನೂ ಕೊಡಪಾನವನ್ನೂ ಕತ್ತರಿಸಲಿಲ್ಲ.

ಜೋಡಿಸಲು ಕೂತ ದಿನ ಮತ್ತೊಂದು ಪಾಠ. ಪರದೆ ತುಂಬುವ ಹಾಗೆ ಫೋಟೋ ಕತ್ತರಿಸು ಅಂತ ಆರಿಸಿದ್ದೆ. ಗುಂಪು ಫೋಟೋದಲ್ಲಿ ಹಿಂದಿನ ಸಾಲಿನವರ ತಲೆಯೇ ಇಲ್ಲ. ಹಳೆಯ ಫೋಟೋಗಳಲ್ಲಿ ಅರ್ಧ ಉದ್ದುದ್ದ ಇರುತ್ತವೆ, ಟಿವಿ ಅಡ್ಡಡ್ಡ. ಎರಡು ಬದಿ ಕಪ್ಪು ಉಳಿದರೂ ಪರವಾಗಿಲ್ಲ, ಪೂರ್ತಿ ಫೋಟೋ ಬರುವ ಹಾಗೆ ಇಡಿ. ಹತ್ತಿರ ಬರುವ ಚಲನೆ ಕಡಿಮೆ ಇಡಿ. ತಿರುಗುವುದು, ಹಾರುವುದು ಬೇಡವೇ ಬೇಡ. ಎಂಬತ್ತು ದಾಟಿದವರಿಗೆ ಮುಖ ಗುರುತಿಸಲು ಹೊತ್ತು ಬೇಕು.

ಕನ್ನಡ ಬರಹಕ್ಕೂ ಒಂದು ದಿನ ಹೋಯಿತು. ಆಮಂತ್ರಣ ಪತ್ರಿಕೆಯ ಮ್ಯಾಟರ್ ಪ್ರೆಸ್ಸಿನಿಂದ ತಂದು ಅಂಟಿಸಿದೆ. ಬಂದದ್ದು ಅರ್ಥವಾಗದ ಚಿಹ್ನೆಗಳು. ಡಿಟಿಪಿಯವರು ಹೆಚ್ಚಾಗಿ ಹಳೇ ಫಾಂಟಿನಲ್ಲಿ ಟೈಪು ಮಾಡುತ್ತಾರೆ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿನಲ್ಲಿ ಅಲ್ಲ. ಮತ್ತೆ ಟೈಪು ಮಾಡಬೇಕು. ಯೂನಿಕೋಡಿನಲ್ಲಿ ಟೈಪು ಮಾಡಿದರೂ ಕೆಲವು ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ, ಅರ್ಕಾವೊತ್ತು ಎಲ್ಲಿಗೋ ಹೋಗುತ್ತದೆ. ಅಳಿಯ ಹೇಳಿದ ಉಪಾಯ ಯಾವ ಸಾಫ್ಟ್‌ವೇರಿಗೂ ನಡೆಯುತ್ತದೆ. ಲಿಬ್ರೆ ಆಫೀಸ್ ಇಂಪ್ರೆಸ್ಸಿನಲ್ಲೋ ಪವರ್‌ಪಾಯಿಂಟಿನಲ್ಲೋ ಒಂದು ಸ್ಲೈಡಿನಲ್ಲಿ ನೋಟೋ ಸಾನ್ಸ್ ಕನ್ನಡ ಅಥವಾ ನಿರ್ಮಲಾ ಫಾಂಟಿನಲ್ಲಿ ಬರೆಯಿರಿ. ಅದನ್ನು 1920ಕ್ಕೆ 1080 ಗಾತ್ರದ ಪಿಎನ್‌ಜಿ ಚಿತ್ರವಾಗಿ ತೆಗೆಯಿರಿ. ಆಮೇಲೆ ಅದೂ ಒಂದು ಫೋಟೋ, ಅಕ್ಷರ ಒಡೆಯುವ ಪ್ರಶ್ನೆಯೇ ಇಲ್ಲ. ನಮ್ಮ 150ರಲ್ಲಿ ಎಂಟು ಇಂಥ ಬರಹಗಳೇ.

ಹಾಡನ್ನು ಟೈಮ್‌ಲೈನಿನ ಆಡಿಯೋ ಸಾಲಿಗೆ ಎಳೆದು ಹಾಕಿ. ತುಣುಕಿನ ಮೇಲಿನ ಮೂಲೆಯಲ್ಲಿ ಸಣ್ಣ ವೃತ್ತ ಕಾಣುತ್ತದೆ. ಅದನ್ನು ಒಳಗೆ ಎಳೆದರೆ ಸ್ವರ ನಿಧಾನ ಏರುತ್ತದೆ, ಕೊನೆಯಲ್ಲಿ ಎಳೆದರೆ ಇಳಿಯುತ್ತದೆ. ಮದುವೆಯ ಫೋಟೋಗಳ ಭಾಗಕ್ಕೆ ಅಮ್ಮನ ಶೋಭಾನೆ ಇಟ್ಟೆ. ಉಳಿದದ್ದಕ್ಕೆ ನೆರೆಮನೆಯ ಹುಡುಗ ಕೊಳಲು ನುಡಿಸಿಕೊಟ್ಟ. ಫೋನಿನಲ್ಲೇ ತುಂಬಿಸಿದ್ದು.

ಎರಡು ಅಪಾಯ ಹೇಳಿ ಮುಂದೆ ಹೋಗುತ್ತೇನೆ. ಇಂಥ ಸಾಫ್ಟ್‌ವೇರ್ ಫೋಟೋವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಅದು ಎಲ್ಲಿದೆ ಅಂತ ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ. ನಾನು ಫೋಲ್ಡರನ್ನು ಪೆನ್‌ಡ್ರೈವಿಗೆ ಸರಿಸಿದೆ. ಮರುದಿನ ತೆರೆದರೆ ಯಾವ ಫೈಲೂ ಸಿಗುತ್ತಿಲ್ಲ ಅಂತ ಪಟ್ಟಿ ಬಂತು. ಎದೆ ಧಸಕ್ಕಂತು. ಫೋಲ್ಡರನ್ನು ಮೊದಲಿನ ಜಾಗಕ್ಕೆ ತಂದ ಮೇಲೆ ಎಲ್ಲ ಸರಿಯಾಯಿತು. ಫೋಟೋ, ಹಾಡು, ಪ್ರಾಜೆಕ್ಟ್ ಫೈಲು ಮೂರನ್ನೂ ಒಂದೇ ಫೋಲ್ಡರಿನಲ್ಲಿ ಇಡಿ, ಮುಗಿಯುವವರೆಗೆ ಅಲುಗಿಸಬೇಡಿ. ಇನ್ನೊಂದು, ಕರೆಂಟು. ಅಕ್ಟೋಬರ್ ಕೊನೆಯ ಗುಡುಗು ಮಳೆಗೆ ಸಂಜೆ ಐದಕ್ಕೆ ಕರೆಂಟು ಹೋಗುವುದು ನಮ್ಮಲ್ಲಿ ಖಾಯಂ. ವಿಡಿಯೋ ಹೊರಗೆ ಬರಲು ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಬೇಕಿತ್ತು, ಬ್ಯಾಟರಿ ಅರ್ಧ ಗಂಟೆಯದ್ದು. ಮೊದಲ ಸಲ ನಡುವಿನಲ್ಲೇ ನಿಂತಿತು. ಮರುದಿನ ಬೆಳಗ್ಗೆ ಆರಕ್ಕೆ ಎದ್ದು ಹಾಕಿದೆ.

ಫೈಲಿನ ಗಾತ್ರ ಕಡಿಮೆಯಾಗಲಿ ಅಂತ ಎಚ್‌ಇವಿಸಿ ಅನ್ನುವ ಹೊಸ ಬಗೆಯ ವಿಡಿಯೋ ಆರಿಸಿದ್ದೆ. ಅಣ್ಣನ ಟಿವಿ ಅದನ್ನು ತೆಗೆದುಕೊಳ್ಳಲಿಲ್ಲ. ಅದಕ್ಕಿಂತ ಹಳೆಯ ಎಚ್.264 ಬಗೆಯಲ್ಲಿ ಎಂಪಿ4 ಮಾಡಿದ ಮೇಲೆ ಪೆನ್‌ಡ್ರೈವಿನಿಂದ ನೇರ ಓಡಿತು. ಪ್ರೊಜೆಕ್ಟರ್ ಬಾಡಿಗೆಗೆ ಹೇಳಿದ್ದೆವು. ಹಗಲಿನಲ್ಲಿ ಚಪ್ಪರದಡಿ ಏನೂ ಕಾಣುವುದಿಲ್ಲ ಅಂತ ಹಿಂದಿನ ದಿನ ನೋಡಿ ತಿಳಿಯಿತು. ಹಾಗಾಗಿ ಟಿವಿಯನ್ನೇ ಚಾವಡಿಗೆ ತಂದು, ಬಂದವರಿಗೆ ಮೂರು ಸಲ ತೋರಿಸಿದೆವು.

ಖರ್ಚು: ಸ್ಟುಡಿಯೋ ಸ್ಕ್ಯಾನ್ 300 ರೂಪಾಯಿ, ಟೇಪಿನ ಬೆಲ್ಟು 150, ಸೌಂಡ್ ಕಾರ್ಡು 250, ವೈರು 80, ಪೆನ್‌ಡ್ರೈವ್ 350. ಒಟ್ಟು 1130. ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಇಲ್ಲ.

ಅಪ್ಪ ಮೂರು ಸಲವೂ ಎದುರಿನ ಕುರ್ಚಿಯಲ್ಲೇ ಕೂತು ನೋಡಿದರು. ರಾತ್ರಿ ಎಲ್ಲರೂ ಹೋದ ಮೇಲೆ ಮೊಮ್ಮಗನನ್ನು ಕರೆದು ಕ್ಯಾಸೆಟಿನ ಇನ್ನೊಂದು ಬದಿ ಕೇಳಿದಿರಾ ಅಂತ ವಿಚಾರಿಸಿದರು. ನಾವು ಕೇಳಿರಲಿಲ್ಲ. ಅದರಲ್ಲಿ ಅಜ್ಜಿ ಹಾಡಿದ್ದೂ ಇದೆಯಂತೆ. ಟೇಪ್‌ರೆಕಾರ್ಡರನ್ನು ಮತ್ತೆ ಅಟ್ಟಕ್ಕೆ ಹಾಕಿಲ್ಲ. ಬರುವ ಆದಿತ್ಯವಾರ ಬೆಳಗ್ಗಿನ ಬಸ್ಸಿಗೆ ಸೌಂಡ್ ಕಾರ್ಡು ಹಿಡಿದುಕೊಂಡು ಹೊರಡುತ್ತೇನೆ.